ಅಮ್ಮನ ಹೂವಿನಂಗಡಿ ಮತ್ತು ರಟ್ಟಿನ ಕೊಳವೆ

1/8

ಮೊದಲನೇ ಫೋಟೋ ನೋಡಿ ನಗಬೇಡಿ. ಸರಿ, ನಗಿ ಪರವಾಗಿಲ್ಲ, ನನ್ನ ಕ್ಲಾಸಿನವರು ಆಗಲೇ ನಕ್ಕು ಮುಗಿಸಿದ್ದಾರೆ. ಒದ್ದೆ ರಟ್ಟು, ಕಿತ್ತುಬಂದ ಬ್ರೌನ್ ಟೇಪು, ನೀಲಿ ಟಾರ್ಪಾಲಿನ್, ಅದರ ಕೆಳಗೆ ಅಪ್ಪಚ್ಚಿಯಾದ ಸೇವಂತಿಗೆ ಬುಟ್ಟಿ. ಇದು ನಾನು ಕಟ್ಟಿದ ಮೊದಲ ಕಟ್ಟಡ. ಗೌರಿ ಹಬ್ಬದ ಹಿಂದಿನ ಸಂಜೆ ಇದು ನಮ್ಮಮ್ಮನ ವ್ಯಾಪಾರದ ಮೇಲೆ ಕುಸಿದು ಬಿತ್ತು.

ಹೊಸಬರಿಗೆ ಒಂದು ಸಣ್ಣ ಪರಿಚಯ. ಊರು ದಾವಣಗೆರೆ. ಬಿಕಾಂ ಎರಡನೇ ವರ್ಷ. ಸಂಜೆ ಐದರಿಂದ ಒಂಬತ್ತರವರೆಗೆ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ ಬರೀತೀನಿ. ಅಮ್ಮ ಮಾರ್ಕೆಟ್ ರಸ್ತೆಯಲ್ಲಿ ಹೂವು ಮಾರ್ತಾರೆ. ಅಂಗಡಿ ಅಂದ್ರೆ ಗೋಡೆ, ಬಾಗಿಲು ಅಂತ ಅಂದ್ಕೋಬೇಡಿ. ನಾಲ್ಕು ಬಿದಿರು ಗಳ, ಮೇಲೊಂದು ಟಾರ್ಪಾಲಿನ್, ಕೆಳಗೊಂದು ಮಣೆ. ಜೋರು ಗಾಳಿ ಬಂದಾಗೆಲ್ಲ ಅಮ್ಮ ಒಂದು ಕೈಯಲ್ಲಿ ಗಳ ಹಿಡ್ಕೊಂಡು ಇನ್ನೊಂದು ಕೈಯಲ್ಲಿ ಚಿಲ್ಲರೆ ಎಣಿಸ್ತಾರೆ.

ನನಗೆ ಆರ್ಕಿಟೆಕ್ಚರ್ ಓದೋ ಆಸೆ ಇತ್ತು. ಅದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಬೇಕು ಅಂತ ಗೊತ್ತಾಗೋ ಹೊತ್ತಿಗೆ ನಾನು ಕಾಮರ್ಸ್ ಸೇರಿ ಆರು ತಿಂಗಳಾಗಿತ್ತು. ಗೊತ್ತಿದ್ರೂ ಐದು ವರ್ಷದ ಫೀಸು ಯಾರು ಕೊಡೋರು? ಆಸೆ ಮಾತ್ರ ಹೋಗ್ಲಿಲ್ಲ. ಫೋನಿನ ಸೇವ್ಡ್ ಫೋಲ್ಡರ್‌ನಲ್ಲಿ ಕೂತಿತ್ತು.

ಎಂಟು ಪೋಸ್ಟ್ ಆಗುತ್ತೆ. ಸ್ವಲ್ಪ ಉದ್ದ ಇದೆ, ಬಸ್ಸಲ್ಲಿ ಓದ್ಕೊಳ್ಳಿ.

2/8

ಬಟ್ಟೆ ಅಂಗಡೀಲಿ ಥಾನು ಖಾಲಿಯಾದ್ರೆ ಒಳಗಿನ ರಟ್ಟಿನ ಕೊಳವೆ ಉಳಿಯುತ್ತೆ. ಐದಡಿ ಉದ್ದ, ಗಟ್ಟಿ. ಹಿಂದಿನ ಗೋಡೌನ್‌ನಲ್ಲಿ ರಾಶಿ ಬಿದ್ದಿರುತ್ತೆ, ತಿಂಗಳಿಗೊಮ್ಮೆ ಗುಜರಿಯವರು ತಗೊಂಡು ಹೋಗ್ತಾರೆ. ಆ ರಾಶಿ ಮೇಲೆ ಕೂತು ಊಟ ಮಾಡ್ತಾ ಇದ್ದಾಗಲೇ ನಾನು ಶಿಗೆರು ಬಾನ್ ಬಗ್ಗೆ ಓದಿದ್ದು.

ಬಾನ್ ಜಪಾನಿನ ಆರ್ಕಿಟೆಕ್ಟ್. 1986ರಲ್ಲಿ ಫಿನ್ಲೆಂಡಿನ ಆಲ್ವಾರ್ ಆಲ್ಟೊ ಅನ್ನೋ ಹಿರಿಯ ವಾಸ್ತುಶಿಲ್ಪಿಯ ಕೆಲಸಗಳ ಪ್ರದರ್ಶನಕ್ಕೆ ಒಳಾಂಗಣ ಮಾಡೋ ಕೆಲಸ ಇವರಿಗೆ ಬಂತು. ಮರ ಹಾಕೋಕೆ ದುಡ್ಡು ಸಾಲದು, ಪ್ರದರ್ಶನ ಮುಗಿದ ಮೇಲೆ ಮರ ಬಿಸಾಡೋಕೆ ಮನಸ್ಸಿಲ್ಲ. ಆಗ ಕಣ್ಣಿಗೆ ಬಿದ್ದಿದ್ದು ಕಾಗದದ ಕೊಳವೆ. ಅಲ್ಲಿಂದ ಶುರು.

1995ರ ಜನವರಿಯಲ್ಲಿ ಜಪಾನಿನ ಕೋಬೆಯಲ್ಲಿ ದೊಡ್ಡ ಭೂಕಂಪ ಆಯ್ತು. ಮನೆ ಕಳ್ಕೊಂಡವರಿಗೆ, ಅದರಲ್ಲೂ ವಿಯೆಟ್ನಾಮಿನಿಂದ ವಲಸೆ ಬಂದ ಕುಟುಂಬಗಳಿಗೆ, ಬಾನ್ ರಟ್ಟಿನ ಕೊಳವೆಯ ಮನೆ ಕಟ್ಟಿಕೊಟ್ರು. ಗೋಡೆ ಅಂದ್ರೆ ಸಾಲಾಗಿ ನಿಲ್ಲಿಸಿದ ಕೊಳವೆ. ವ್ಯಾಸ 106 ಮಿಲಿಮೀಟರ್, ದಪ್ಪ ಬರೀ 4 ಮಿಲಿಮೀಟರ್. ಪಾಯ ಅಂದ್ರೆ ಮರಳು ಮೂಟೆ ತುಂಬಿದ ಬಿಯರ್ ಕ್ರೇಟು! 2001ರಲ್ಲಿ ನಮ್ಮ ದೇಶದ ಭುಜ್‌ನಲ್ಲಿ ಭೂಕಂಪ ಆದಾಗ ಅಲ್ಲೂ ಇದೇ ಥರದ ಮನೆ ಎದ್ದವು. ಅಲ್ಲಿ ಬಿಯರ್ ಕ್ರೇಟು ಎಲ್ಲಿ ಸಿಗ್ಬೇಕು? ಬಿದ್ದ ಕಟ್ಟಡಗಳ ಇಟ್ಟಿಗೆ ಚೂರನ್ನೇ ಪಾಯಕ್ಕೆ ಹಾಕಿ, ಮೇಲೆ ಮಣ್ಣಿನ ನೆಲ ಮಾಡಿದ್ರು. ಚಾವಣಿಗೆ ಸೀಳಿದ ಬಿದಿರು.

2014ರಲ್ಲಿ ಅವರಿಗೆ ಪ್ರಿಟ್ಸ್‌ಕರ್ ಪ್ರಶಸ್ತಿ ಬಂತು. ಆರ್ಕಿಟೆಕ್ಚರ್‌ನಲ್ಲಿ ಅದಕ್ಕಿಂತ ದೊಡ್ಡದು ಇಲ್ಲ ಅಂತಾರೆ.

ನಾನು ಊಟದ ಡಬ್ಬಿ ಮುಚ್ಚಿ ಕೆಳಗೆ ನೋಡ್ದೆ. ನಾನು ಕೂತಿದ್ದು ಒಂದು ಮನೆ ಮೇಲೆ.

3/8

ಓನರ್ ಹತ್ರ ಕೇಳ್ದೆ, "ತಗೊಂಡು ಹೋಗಮ್ಮ" ಅಂದ್ರು. ಎಂಟು ಕೊಳವೆ. ನಾಲ್ಕು ಮೂಲೆಗೆ ನಾಲ್ಕು ಕಂಬ, ಮೇಲೆ ನಾಲ್ಕು ಅಡ್ಡ. ಐದಡಿಗೆ ಐದಡಿ. ಮೂಲೆಗಳಿಗೆ ಟೇಪು ಸುತ್ತಿದ್ದೇ ಸುತ್ತಿದ್ದು. ಖರ್ಚು: ಟೇಪಿಗೆ 120 ರೂಪಾಯಿ. ಸಮಯ: ಒಂದು ಭಾನುವಾರ.

ಅಮ್ಮ ಒಂದ್ಸಲ ಕೇಳಿದ್ರು. "ಮಳಿ ಬಂದ್ರೆ ಏನ್ ಮಾಡ್ತೀ?"

"ಮೇಲೆ ಟಾರ್ಪಾಲ್ ಇದೆಯಲ್ಲಮ್ಮ" ಅಂದೆ.

ಬಿದಿರು ಗಳ ತೆಗೆದು ಪಕ್ಕಕ್ಕಿಟ್ಟೆ. ಅಮ್ಮ ಅದನ್ನ ಬಿಸಾಡೋಕೆ ಬಿಡ್ಲಿಲ್ಲ, ಹಿಂದೆ ಗೋಡೆಗೆ ಒರಗಿಸಿಟ್ರು. ಹೊಸ ಚಪ್ಪರ ನೋಡೋಕೆ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ನೇರ ಗೆರೆ, ಕಂದು ಬಣ್ಣ. ಸ್ಟೋರಿ ಹಾಕಿದ್ದೆ, ನಿಮ್ಮಲ್ಲಿ ತುಂಬಾ ಜನ ಲೈಕ್ ಕೂಡ ಮಾಡಿದ್ರಿ.

ಗೌರಿ ಹಬ್ಬದ ಹಿಂದಿನ ದಿನ. ವರ್ಷದಲ್ಲಿ ಹೂವಿಗೆ ಬೆಲೆ ಬರೋ ಕೆಲವೇ ದಿನಗಳಲ್ಲಿ ಅದೊಂದು. ಅಮ್ಮ ಬೆಳಗಿನ ಜಾವ ಮಂಡಿಗೆ ಹೋಗಿ ಕೈಸಾಲ ಮಾಡಿ ಹೂವು ತಂದಿದ್ರು. ಸಂಜೆ ನಾಲ್ಕೂವರೆಗೆ ಮಳೆ. ಟಾರ್ಪಾಲಿನ್ ಮಟ್ಟಸವಾಗಿತ್ತು, ಇಳಿಜಾರೇ ಇಲ್ಲ. ನೀರು ಮಧ್ಯಕ್ಕೆ ಬಂದು ನಿಂತ್ಕೊಳ್ತು. ಒಂದು ಲೀಟರ್ ನೀರು ಒಂದು ಕೆಜಿ. ಬಕೆಟ್ ಬಕೆಟ್ ನೀರು ತುಂಬಿ ಟಾರ್ಪಾಲಿನ್ ಹೊಟ್ಟೆ ಜೋತುಬಿತ್ತು, ಅಡ್ಡ ಕೊಳವೆಗಳು ಬಾಗಿದ್ವು. ಕೆಳಗೆ ಫುಟ್‌ಪಾತಿನ ನೀರು ಕಂಬದ ಬುಡ ನೆನೆಸಿತ್ತು. ನಾನು ಅಂಗಡೀಲಿ ಬಿಲ್ ಬರೀತಾ ಇದ್ದೆ. ಪಕ್ಕದ ಹಣ್ಣಿನ ಅಜ್ಜಿ ಫೋನ್ ಮಾಡಿದ್ರು.

ಅಮ್ಮನಿಗೆ ಏನೂ ಆಗಿರಲಿಲ್ಲ. ಹೂವು 1,850 ರೂಪಾಯಿದು ಹೋಗಿತ್ತು.

ಅಮ್ಮ ಬೈಲಿಲ್ಲ. ಗೋಡೆಗೆ ಒರಗಿಸಿದ್ದ ಬಿದಿರು ತಗೊಂಡು ಮತ್ತೆ ಕಟ್ಟೋಕೆ ಶುರು ಮಾಡಿದ್ರು. ಬೈದಿದ್ರೆ ಚೆನ್ನಾಗಿರ್ತಿತ್ತು.

4/8

ಈ ಪೋಸ್ಟ್ ನನ್ನ ಬಿಕಾಂ ಫ್ರೆಂಡ್ಸ್‌ಗೆ.

ಕಾಸ್ಟ್ ಅಕೌಂಟಿಂಗ್‌ನಲ್ಲಿ ನಾರ್ಮಲ್ ಲಾಸ್, ಅಬ್‌ನಾರ್ಮಲ್ ಲಾಸ್ ಅಂತ ಓದಿದ್ದೀವಲ್ಲ? ಎಣ್ಣೆ ಮಿಲ್ಲಲ್ಲಿ ಸ್ವಲ್ಪ ಎಣ್ಣೆ ಆವಿಯಾಗುತ್ತೆ, ಬಟ್ಟೆ ಕತ್ತರಿಸಿದ್ರೆ ಚಿಂದಿ ಉಳಿಯುತ್ತೆ. ಅದು ಮೊದಲೇ ಗೊತ್ತಿರೋ ನಷ್ಟ. ಅದನ್ನ ಉಳಿದ ಮಾಲಿನ ಖರ್ಚಿಗೇ ಸೇರಿಸಿಬಿಡ್ತೀವಿ. ಬೆಂಕಿ ಬಿತ್ತು, ಅಜಾಗರೂಕತೆಯಿಂದ ಮಾಲು ಹಾಳಾಯ್ತು ಅಂದ್ರೆ ಅದು ಅಬ್‌ನಾರ್ಮಲ್. ಅದಕ್ಕೆ ಬೇರೆ ಖಾತೆ.

ಆ ರಾತ್ರಿ ನಾನು ಯೋಚನೆ ಮಾಡಿದ್ದು ಇದೇ. ಆ 1,850 ರೂಪಾಯಿ ಯಾವ ಖಾತೆಗೆ? ಹೊಸದೇನಾದ್ರೂ ಮಾಡಿದ್ರೆ ತಪ್ಪಾಗೋದು ಸಹಜ, ಅದು ನಾರ್ಮಲ್ ಲಾಸ್ ಅಂತ ಸಮಾಧಾನ ಮಾಡ್ಕೋಬಹುದಿತ್ತು. ಆದರೆ ತಪ್ಪು ಮಾಡಿದ್ದು ನಾನು, ದುಡ್ಡು ಕಟ್ಟಿದ್ದು ಅಮ್ಮ. ಹಾಗಂದ್ರೆ ಅದು ಸಹಜ ಹೇಗಾಗುತ್ತೆ?

ಮತ್ತೆ ಓದೋಕೆ ಕೂತೆ. ಈ ಸಲ ಚಿತ್ರ ನೋಡೋದು ಬಿಟ್ಟು, ಅವರು ಹೇಗೆ ಕೆಲಸ ಮಾಡ್ತಾರೆ ಅನ್ನೋದನ್ನ ಓದಿದೆ. ಬಾನ್ ಕೊಳವೆಯನ್ನ ಹಾಗೇ ತಂದು ನಿಲ್ಲಿಸಿದವರಲ್ಲ. ವರ್ಷಗಟ್ಟಲೆ ಪ್ರಯೋಗಾಲಯದಲ್ಲಿ ಒತ್ತಿ, ಬಗ್ಗಿಸಿ, ನೆನೆಸಿ ನೋಡಿದ್ದಾರೆ. ನೀರು ಹಿಡಿಯದ ಹಾಗೆ ಲೇಪ ಕೊಟ್ಟಿದ್ದಾರೆ. ನಾನು ಕಾಪಿ ಮಾಡಿದ್ದು ಕೊನೆಯ ಫೋಟೋ ಮಾತ್ರ.

ಮನೇಲಿ ಎರಡು ಪರೀಕ್ಷೆ ಮಾಡ್ದೆ. ಒಂದು ಗಿಡ್ಡ ತುಂಡನ್ನ ನೆಟ್ಟಗೆ ನಿಲ್ಲಿಸಿ ಮೇಲೊಂದು ಹಲಗೆ ಇಟ್ಟು ತಮ್ಮನ್ನ ಹತ್ತಿಸಿದೆ. ಏನೂ ಆಗ್ಲಿಲ್ಲ. ಇನ್ನೊಂದನ್ನ ಎರಡು ಕುರ್ಚಿ ಮಧ್ಯೆ ಅಡ್ಡ ಇಟ್ಟು ಅದೇ ತಮ್ಮನ್ನ ಕೂರಿಸಿದೆ. ಪಕ್ ಅಂತ ಮಡಚಿಕೊಂಡಿತು, ಅವನೂ ಬಿದ್ದ. ರಟ್ಟಿನ ಕೊಳವೆ ಉದ್ದಕ್ಕೆ ಒತ್ತಿದ್ರೆ ತಡ್ಕೊಳ್ಳುತ್ತೆ, ಅಡ್ಡಕ್ಕೆ ಬಗ್ಗಿಸಿದ್ರೆ ಸೋಲುತ್ತೆ. ನಾನು ಚಾವಣಿಗೆ ಅಡ್ಡ ಇಟ್ಟಿದ್ದೆ.

ಹಾಗಾದ್ರೆ ಎಲ್ಲೂ ಬಾಗದೆ ಬರೀ ಒತ್ತಡ ಮಾತ್ರ ಹರಿಯೋ ಆಕಾರ ಯಾವುದು?

5/8

ಉತ್ತರ ಸ್ಪೇನಿನ ಒಬ್ಬರ ಹತ್ರ ಸಿಕ್ತು. ಹೆಸರು ಆಂಟೊನಿ ಗೌಡಿ. ನಮ್ಮ ಗೌಡ್ರಿಗೂ ಅವರಿಗೂ ಸಂಬಂಧ ಇಲ್ಲ, ಕಾಮೆಂಟ್ ಹಾಕಬೇಡಿ.

1898ರಲ್ಲಿ ಬಾರ್ಸಿಲೋನಾ ಹತ್ರ ಕೊಲೊನಿಯಾ ಗ್ವೆಲ್ ಅನ್ನೋ ಗಿರಣಿ ಕಾರ್ಮಿಕರ ಕಾಲೋನಿಗೆ ಒಂದು ಚರ್ಚು ಕಟ್ಟೋ ಕೆಲಸ ಇವರಿಗೆ ಬಂತು. ಕಟ್ಟೋಕೆ ಶುರು ಮಾಡಿದ್ದು ಯಾವಾಗ ಗೊತ್ತಾ? 1908ರಲ್ಲಿ. ಮಧ್ಯದ ಹತ್ತು ವರ್ಷ ಒಂದು ಮಾಡೆಲ್‌ಗೆ ಹೋಯ್ತು. ಅದೂ ತಲೆಕೆಳಗಾದ ಮಾಡೆಲ್. ಶೆಡ್ಡಿನ ಮೇಲಿಂದ ದಾರಗಳನ್ನ ಇಳಿಬಿಟ್ಟು, ಕಟ್ಟಡದ ಎಲ್ಲೆಲ್ಲಿ ಎಷ್ಟೆಷ್ಟು ಭಾರ ಬರುತ್ತೋ ಅದೇ ಲೆಕ್ಕಕ್ಕೆ ಸೀಸದ ಗುಂಡು ತುಂಬಿದ ಪುಟ್ಟ ಪುಟ್ಟ ಚೀಲ ಕಟ್ಟಿದ್ರು. ಹತ್ತಕ್ಕೆ ಒಂದರ ಅಳತೆ. ಆಮೇಲೆ ಫೋಟೋ ತೆಗೆದು, ಫೋಟೋವನ್ನ ತಲೆಕೆಳಗು ಮಾಡಿ, ಅದರ ಮೇಲೆ ಬಣ್ಣ ಹಚ್ಚಿ ಕಟ್ಟಡ ಹೇಗೆ ಕಾಣುತ್ತೆ ಅಂತ ನೋಡ್ತಿದ್ರು.

ಇದರ ಹಿಂದಿನ ವಿಷಯ ಸರಳ. ದಾರ ಎಳೆತ ಮಾತ್ರ ತಡೆಯುತ್ತೆ, ಬಾಗಿ ನಿಲ್ಲೋ ಶಕ್ತಿ ಅದಕ್ಕಿಲ್ಲ. ಹಾಗಾಗಿ ಭಾರ ಕಟ್ಟಿ ಬಿಟ್ರೆ ತನಗೆ ತಾನೇ ಬರೀ ಎಳೆತ ಇರೋ ಆಕಾರಕ್ಕೆ ಹೋಗಿ ನಿಲ್ಲುತ್ತೆ. ಆ ಆಕಾರವನ್ನ ಮೇಲೆ ಕೆಳಗೆ ಮಾಡಿದ್ರೆ ಎಳೆತ ಇದ್ದಲ್ಲೆಲ್ಲ ಒತ್ತಡ ಬರುತ್ತೆ, ಬಾಗೋ ಪ್ರಶ್ನೆ ಇರಲ್ಲ. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಹದಿನೇಳನೇ ಶತಮಾನದಲ್ಲೇ ಇದನ್ನ ಕಂಡುಕೊಂಡಿದ್ದರು. ಬೇರೆಯವರು ಕದೀಬಾರದು ಅಂತ ಅಕ್ಷರಗಳನ್ನ ಕಲಸಿ ಒಗಟಿನ ಥರ ಅಚ್ಚು ಹಾಕಿಸಿದ್ರು!

ಇದನ್ನ ನಾನು ರಾತ್ರಿ ಹತ್ತಕ್ಕೆ ಅಡುಗೆಮನೇಲಿ ಜೋರಾಗಿ ಓದ್ತಿದ್ದೆ. ಅಮ್ಮ ನಾಳೆಗೆ ಮಾಲೆ ಕಟ್ತಾ ಇದ್ರು. ಕಟ್ಟಿ ಮುಗಿದ ಮಾಲೆ ಎರಡು ಮೊಳೆ ಮಧ್ಯೆ ನೇತಾಡ್ತಾ ಇತ್ತು.

"ಅದಕ್ಕ್ಯಾಕೆ ಹತ್ತು ವರ್ಷ?" ಅಂದ್ರು ಅಮ್ಮ. "ಮಾಲಿ ನೋಡು. ಒಂದೇ ಸಮ ಹೂವು ಕಟ್ಟಿದ್ರೆ ದುಂಡಗೆ ಇಳೀತೈತಿ. ನಡುವೆ ಗುಲಾಬಿ ಗೊಂಚಲು ಹಾಕಿದ್ರೆ ಚೂಪಾಗ್ತೈತಿ. ಭಾರ ಎಲ್ಲಿ ಐತಿ ಅಲ್ಲಿಗೆ ಮಾಲಿ ಹೋಕ್ಕೈತಿ."

ನಾನು ಹುಟ್ಟಿದಾಗಿಂದ ಆ ಆಕಾರ ನನ್ನ ತಲೆ ಮೇಲೇ ನೇತಾಡ್ತಾ ಇತ್ತು.

6/8

ಈಗ ಐದನೇ ಫೋಟೋ. ಇದು ಮಾಡೆಲ್.

ಹೂವು ಕಟ್ಟೋ ದಾರ, ಎರಡು ಗುಂಡುಸೂಜಿ, ತಮ್ಮನ ಸೈಕಲ್ಲಿನ ಹಳೆ ನಟ್ಟುಗಳು. ಒಂದು ಅಡಿಗೆ 3 ಸೆಂಟಿಮೀಟರ್ ಅಂತ ಲೆಕ್ಕ. ಅಂಗಡಿ ಬುಡದಲ್ಲಿ ಆರಡಿ ಅಗಲ ಬೇಕು, ಆದ್ದರಿಂದ ಸೂಜಿಗಳ ಮಧ್ಯೆ 18 ಸೆಂಟಿಮೀಟರ್. ಕೊಳವೆ ನೇರ ಇರುತ್ತೆ, ಹೂವಿನ ಮಾಲೆ ಥರ ದುಂಡಗೆ ಬಾಗಲ್ಲ. ಅದಕ್ಕೆ ಕೀಲು ಬರೋ ಜಾಗದಲ್ಲಿ ಮಾತ್ರ ನಟ್ಟು ಕಟ್ಟಿದೆ. ಆಗ ದಾರ ನಟ್ಟಿನಿಂದ ನಟ್ಟಿಗೆ ನೇರ ಗೆರೆಯಾಗಿ ನಿಲ್ಲುತ್ತೆ. ಒಂದೊಂದು ಗೆರೆ ಒಂದೊಂದು ಕೊಳವೆ.

ಮೊದಲ ಮಾಡೆಲ್: ಮೂರಡಿಯ ಐದು ತುಂಡು, ನಾಲ್ಕು ನಟ್ಟು. ಫೋಟೋ ತೆಗೆದು ಫೋನ್‌ನಲ್ಲಿ ತಲೆಕೆಳಗು ಮಾಡ್ದೆ. ಒಳ್ಳೆ ಕಮಾನು! ಖುಷಿಯಿಂದ ಕುಣಿದೆ. ಆಮೇಲೆ ತಮ್ಮ ಬೆರಳಿಟ್ಟು ತೋರಿಸ್ದ. "ಅಕ್ಕ, ಮೇಲೆ ಮತ್ತೆ ಮಟ್ಟ ಇದೆಯಲ್ಲ." ಹೌದು. ತುಂಡುಗಳ ಸಂಖ್ಯೆ ಬೆಸ ಆಗಿದ್ರಿಂದ ನಡುವಿನ ತುಂಡು ಅಡ್ಡಕ್ಕೆ ಮಲಗಿತ್ತು. ನೆತ್ತಿಯಲ್ಲಿ ಮೂರಡಿ ಮಟ್ಟಸ ಜಾಗ. ಮಳೆ ನೀರು ಮತ್ತೆ ಅಲ್ಲೇ ಬಂದು ಕೂರೋದು.

ಎರಡನೇ ಮಾಡೆಲ್: ಎರಡೂವರೆ ಅಡಿಯ ಆರು ತುಂಡು, ಐದು ನಟ್ಟು. ಈಗ ಒಂದು ನಟ್ಟು ಸರಿಯಾಗಿ ನಡುವೆ ಬಂತು. ತಿರುಗಿಸಿದ್ರೆ ನೆತ್ತಿ ಚೂಪು, ನೀರು ಎರಡೂ ಕಡೆ ಇಳಿಯುತ್ತೆ. ಎತ್ತರ ಅಳೆದ್ರೆ 20 ಸೆಂಟಿಮೀಟರಿಗೆ ಹತ್ತಿರ, ಅಂದ್ರೆ ಆರೂವರೆ ಅಡಿ. ಅಮ್ಮ ಎದ್ದು ನಿಂತ್ರೂ ತಲೆ ತಾಗಲ್ಲ. ಇನ್ನೊಂದು ಲಾಭ: ಕೊಳವೆ ಐದಡಿದು, ನಡುವೆ ಒಂದೇ ಸಲ ಕೊಯ್ದರೆ ಎರಡು ತುಂಡು. ಮೂರಡಿ ಲೆಕ್ಕದಲ್ಲಿ ಪ್ರತಿ ಕೊಳವೆಗೂ ಎರಡಡಿ ದಂಡ ಆಗ್ತಿತ್ತು.

ಮೊದಲ ಮಾಡೆಲ್ಲಿನ ತಪ್ಪಿಗೆ ಆದ ಖರ್ಚು: ಒಂದು ಮೊಳ ದಾರ. ಅದೇ ತಪ್ಪು ರಸ್ತೆಯಲ್ಲಿ ಆಗಿದ್ರೆ ಇನ್ನೊಂದು ಬುಟ್ಟಿ ಹೂವು.

ನನಗೆ ಮಾಡೆಲ್ ಅಂದ್ರೆ ಇಷ್ಟು ದಿನ ಎಕ್ಸಿಬಿಷನ್‌ನಲ್ಲಿ ಗಾಜಿನೊಳಗೆ ಇಡೋ ಚಂದದ ಗೊಂಬೆಮನೆ. ಈಗ ಗೊತ್ತಾಯ್ತು. ತಪ್ಪನ್ನ ಅಗ್ಗಕ್ಕೆ ಮಾಡೋ ಜಾಗ ಅದು. ಅಲ್ಲಿ ಆದರೆ ನಾರ್ಮಲ್ ಲಾಸ್.

7/8

ಆದ್ರೆ ದಾರಕ್ಕೆ ಎಲ್ಲಾ ಗೊತ್ತಿರಲ್ಲ. ಮಳೆ ಗೊತ್ತಿಲ್ಲ, ಗಾಳಿ ಗೊತ್ತಿಲ್ಲ, ಕೀಲು ಸಡಿಲ ಇದೆಯಾ ಅನ್ನೋದೂ ಗೊತ್ತಿಲ್ಲ. ಇಲ್ಲಿ ಇನ್ನೊಬ್ಬರ ಕಥೆ ಬೇಕು.

ಜರ್ಮನಿಯ ಫ್ರೈ ಒಟ್ಟೊ. ಎರಡನೇ ಮಹಾಯುದ್ಧದಲ್ಲಿ ಪೈಲಟ್, ಆಮೇಲೆ ಫ್ರಾನ್ಸಿನಲ್ಲಿ ಯುದ್ಧಕೈದಿ. ಕೈದಿಗಳ ಶಿಬಿರದಲ್ಲಿ ಕಟ್ಟೋ ಕೆಲಸ ಇವರ ಪಾಲಿಗೆ ಬಂತು, ಸಾಮಾನು ಮಾತ್ರ ಇಲ್ಲ. ಇರೋ ಅಷ್ಟರಲ್ಲೇ ಕಟ್ಟೋದನ್ನ ಅಲ್ಲಿ ಕಲಿತರು. ಆಮೇಲೆ ಜೀವನಪೂರ್ತಿ ಅದನ್ನೇ ಮಾಡಿದ್ರು: ಕಡಿಮೆ ಸಾಮಾನು, ಹಗುರ ಕಟ್ಟಡ. ಸೋಪಿನ ನೀರಲ್ಲಿ ತಂತಿ ಅದ್ದಿ, ಅದರಲ್ಲಿ ಮೂಡೋ ತೆಳು ಪೊರೆ ನೋಡಿ ಗುಡಾರದ ಆಕಾರ ಹುಡುಕ್ತಿದ್ರು.

ಮಾನ್‌ಹೈಮ್ ಊರಲ್ಲಿ 1975ರ ತೋಟಗಾರಿಕೆ ಮೇಳಕ್ಕೆ ಮುಲ್ಟಿಹಾಲೆ ಅನ್ನೋ ಸಭಾಂಗಣ ಕಟ್ಟಿದ್ರು. ಆಕಾರ ಬಂದಿದ್ದು ಇಳಿಬಿಟ್ಟ ಸರಪಳಿ ಬಲೆಯಿಂದ. ಕಟ್ಟಿದ್ದು 5 ಸೆಂಟಿಮೀಟರ್ ಅಗಲ, ಅಷ್ಟೇ ದಪ್ಪದ ಮರದ ಪಟ್ಟಿಗಳಿಂದ. ಜನರನ್ನ ಒಳಗೆ ಬಿಡೋ ಮೊದಲು ನಿಜವಾಗ್ಲೂ ಭಾರ ತಡೆಯುತ್ತಾ ಅಂತ ನೋಡ್ಬೇಕಲ್ಲ? ಕಸದ ಡ್ರಮ್ಮುಗಳಿಗೆ ನೀರು ತುಂಬಿ ಚಾವಣಿಗೆ ನೇತುಹಾಕಿದ್ರು! ಮೇಳ ಮುಗಿದ ಮೇಲೆ ತೆಗೆಯೋ ಲೆಕ್ಕದಲ್ಲಿ ಕಟ್ಟಿದ್ದು, ಇವತ್ತಿಗೂ ಅಲ್ಲೇ ಇದೆ. 2000ದ ಹ್ಯಾನೋವರ್ ಮೇಳದಲ್ಲಿ ಬಾನ್ ಜಪಾನಿಗೆ ರಟ್ಟಿನ ಕೊಳವೆಯ ದೊಡ್ಡ ಅಲೆಯಾಕಾರದ ಸಭಾಂಗಣ ಕಟ್ಟಿದಾಗ ಜೊತೆಗಿದ್ದವರೂ ಇದೇ ಒಟ್ಟೊ. 2015ರ ಮಾರ್ಚ್ 9ಕ್ಕೆ ತೀರಿಕೊಂಡ್ರು. ಮರುದಿನ ಅವರಿಗೆ ಪ್ರಿಟ್ಸ್‌ಕರ್ ಅಂತ ಪ್ರಪಂಚಕ್ಕೆ ಗೊತ್ತಾಯ್ತು.

ನಮ್ಮ ಹತ್ರ ಡ್ರಮ್ಮಿಲ್ಲ, ಐದು ಲೀಟರಿನ ಎಣ್ಣೆ ಕ್ಯಾನ್ ಇದ್ವು. ಮನೆ ತಾರಸಿ ಮೇಲೆ ಒಂದು ಕಮಾನು ನಿಲ್ಲಿಸಿ, ಐದು ಕೀಲಿಗೂ ಒಂದೊಂದು ಕ್ಯಾನ್ ನೀರು ನೇತುಹಾಕಿದೆ. 25 ಕೆಜಿ. ನಿಂತಿತು. ಪಕ್ಕದಿಂದ ಒಂದು ಕೈಯಲ್ಲಿ ತಳ್ಳಿದೆ, ವಾಲಿತು. ಗಾಳಿಗೆ ಹಗ್ಗ ಬೇಕು ಅಂತ ಬರ್ಕೊಂಡೆ. ರಾತ್ರಿ ಬುಡಕ್ಕೆ ಬಕೆಟ್ ನೀರು ಹಾಕಿ ಬಿಟ್ಟೆ. ಬೆಳಿಗ್ಗೆ ಒಂದು ಬುಡ ಟೀಯಲ್ಲಿ ಅದ್ದಿದ ರಸ್ಕ್ ಆಗಿತ್ತು. ವಾರ್ನಿಷ್ ಹೊರಗಡೆ ಮಾತ್ರ ಹಚ್ಚಿದ್ದೆ, ಕೊಯ್ದ ಬಾಯಿಗೆ ಹಚ್ಚಿರಲಿಲ್ಲ. ನೀರು ಅಲ್ಲಿಂದಲೇ ಏರಿತ್ತು. ಆಮೇಲೆ ಎಲ್ಲಾ ತುದಿಗಳನ್ನ ವಾರ್ನಿಷ್‌ನಲ್ಲಿ ಅದ್ದಿ ಒಣಗಿಸಿ, ಮೇಲೆ ಕರಗಿಸಿದ ಮೇಣದಬತ್ತಿ ಹಚ್ಚಿದೆ.

ನಷ್ಟ: ಅರ್ಧ ಕೊಳವೆ. ಖಾತೆ: ನನ್ನದು.

8/8

ಕೊನೆಯ ಫೋಟೋ, ಈಗಿನದು.

ಮೂರು ಕಮಾನು, ಒಂಬತ್ತು ಕೊಳವೆ, ಹಾಳಾದದ್ದಕ್ಕೆ ಬದಲಿ ಒಂದು. ಕೀಲಿಗೆ ಹದಿನೈದು ಮರದ ಗೂಟ. ಫೋಟೋದಲ್ಲಿ ಕೋನ ಅಳೆದು ಬಡಗಿ ಮಾಮನಿಗೆ ಕೊಟ್ಟೆ, ಅವರು ಉಳಿಕೆ ಮರದಲ್ಲೇ ಮಾಡಿಕೊಟ್ರು. ಬುಡಕ್ಕೆ ಹೋಟೆಲಿನ ಖಾಲಿ ಎಣ್ಣೆ ಟಿನ್ ಆರು, ಒಳಗೆ ಮರಳು, ಜಲ್ಲಿ. ಕೋಬೆಯ ಬಿಯರ್ ಕ್ರೇಟು ನೆನಪಿದೆಯಲ್ಲ? ಅದೇ ಐಡಿಯಾ.

ಲೆಕ್ಕ: ಕೊಳವೆ 0. ವಾರ್ನಿಷ್ 380. ಬಡಗಿ ಕೂಲಿ 300. ಹಗ್ಗ 90. ಮೇಣದಬತ್ತಿ 40. ಟಾರ್ಪಾಲಿನ್ ಹಳೇದು. ಒಟ್ಟು 810 ರೂಪಾಯಿ. ಇದಕ್ಕೆ ಮೊದಲನೇ ಸಲದ ಟೇಪು 120, ಅಮ್ಮನ ಹೂವು 1,850 ಸೇರಿಸದಿದ್ರೆ ಲೆಕ್ಕ ಸುಳ್ಳಾಗುತ್ತೆ. ಆದ್ದರಿಂದ ನಿಜವಾದ ಒಟ್ಟು 2,780. ಹೂವಿನ ದುಡ್ಡನ್ನ ಎರಡು ತಿಂಗಳ ಸಂಬಳದಲ್ಲಿ ಅಮ್ಮನ ಡಬ್ಬಿಗೆ ಹಾಕಿದ್ದೀನಿ. ಅವರು ಬೇಡ ಅಂದ್ರು, ನಾನು ಕೇಳ್ಲಿಲ್ಲ.

ಅಮ್ಮ ಒಂದು ಷರತ್ತು ಹಾಕಿದ್ರು. ಹಳೆ ಬಿದಿರು ಗಳ ಚಪ್ಪರದಲ್ಲಿ ಇರಲೇಬೇಕು. ನನಗೆ ಸಿಟ್ಟು ಬಂತು, ಡಿಸೈನ್ ಹಾಳಾಗುತ್ತೆ ಅಂತ. ಆಮೇಲೆ ನೋಡಿದ್ರೆ ಮೂರು ಕಮಾನನ್ನ ಒಂದಕ್ಕೊಂದು ಸೇರಿಸೋಕೆ ಉದ್ದಕ್ಕೆ ಏನಾದ್ರೂ ಬೇಕೇ ಬೇಕಿತ್ತು. ಬಿದಿರು ಸರಿಯಾಗಿ ಕೂತ್ಕೊಳ್ತು. ಕಟ್ಟಿದ್ದು ಅಮ್ಮ. ಆ ಗಂಟು ನನಗೆ ಇನ್ನೂ ಬರಲ್ಲ.

ಐದು ವಾರ ಆಯ್ತು. ನಾಲ್ಕು ಸಲ ಜೋರು ಮಳೆ ಬಂದಿದೆ, ನಿಂತಿದೆ. ಒಂದು ಗೂಟ ಬಿರುಕು ಬಿಟ್ಟಿತ್ತು, ಬದಲಾಯಿಸಿದ್ವಿ. ಇದು ಎಷ್ಟು ದಿನ ಬಾಳುತ್ತೆ ಅಂತ ನಾನು ಮಾತು ಕೊಡಲ್ಲ. ವಾರಕ್ಕೊಂದ್ಸಲ ಬುಡಗಳನ್ನ ಬೆರಳಲ್ಲಿ ಒತ್ತಿ ನೋಡ್ತೀನಿ. ನೀವು ಯಾರಾದ್ರೂ ಮಾಡೋದಿದ್ರೆ ಹೀಗೇ ಮಾಡಿ ಅಂತಲೂ ಹೇಳಲ್ಲ. ಜನ ಕೂರೋ ಜಾಗಕ್ಕಂತೂ ಗೊತ್ತಿರೋರನ್ನ ಕೇಳದೆ ಮಾಡಬೇಡಿ. ಮೊದಲು ದಾರ, ಆಮೇಲೆ ತಾರಸಿ, ಆಮೇಲೆ ರಸ್ತೆ.

ಮೊನ್ನೆ ಅಮ್ಮನ ಹತ್ರ ಹೇಳ್ದೆ, ಬಿಕಾಂ ಮುಗಿದ ಮೇಲೆ ಒಂದು ವರ್ಷ ಡಿಸೈನ್ ಕೋರ್ಸ್ ಮಾಡ್ಲಾ ಅಂತ. ಬೇಡ ಅನ್ನಲಿಲ್ಲ, ಹ್ಞೂಂ ಅನ್ನಲೂ ಇಲ್ಲ. ಕನಕಾಂಬರ ಕಟ್ತಾ ಇದ್ದವರು ದಾರ ಹಲ್ಲಲ್ಲಿ ಕಚ್ಚಿ ತುಂಡು ಮಾಡಿ ಕೇಳಿದ್ರು:

"ಅದಕ್ಕೂ ಮಾಡಲ್ ಮಾಡಿಯೇನು?"

ಇನ್ನೂ ಮಾಡಿಲ್ಲ. ಇವತ್ತು ರಾತ್ರಿ ಫೀಸು, ಬಸ್ ಪಾಸು, ಅಂಗಡಿ ಕೆಲಸ ಬಿಟ್ರೆ ಆಗೋ ನಷ್ಟ, ಎಲ್ಲಾ ಬರೆದು ನೋಡ್ತೀನಿ. ಎಲ್ಲಿ ಮಟ್ಟಸ ಇದೆ, ಎಲ್ಲಿ ನೀರು ನಿಲ್ಲುತ್ತೆ ಅಂತ ನಿಮಗೆ ಕಂಡ್ರೆ ಕೆಳಗೆ ಹೇಳಿ. ತಮ್ಮ ಒಬ್ಬನ ಕಣ್ಣು ಸಾಲಲ್ಲ.